ಮಂಗಲವಾಗದ ಪೆಟ್ಟಿಗೆ

ನನಗೆ ಸಕ್ಕರೆ ಕಾಯಿಲೆ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಊರೆಲ್ಲ ಇದೆ ಎಂದೇ ನಂಬಿಕೊಂಡಿದೆ. ಯಾವ ಮನೆಯ ಊಟಕ್ಕೆ ಹೋಗಲಿ, ನನ್ನ ಎಲೆಗೆ ಹೋಳಿಗೆ ಬಿದ್ದ ಕೂಡಲೇ ಯಾರಾದರೊಬ್ಬರು ಕೈ ಚಾಚಿ, "ಆಯಿಗೆ ಬ್ಯಾಡ್ರಿ, ಶುಗರ್ ಅದ" ಎಂದು ಅದನ್ನೆತ್ತಿ ಪಕ್ಕದವರಿಗೆ ಬಡಿಸುತ್ತಾರೆ. ಪಕ್ಕದವರು ಅಯ್ಯೋ ಪಾಪ ಎಂಬಂತೆ ನನ್ನನ್ನು ನೋಡುತ್ತ ಎರಡನ್ನೂ ತಿನ್ನುತ್ತಾರೆ. ಬೀಗರೊಬ್ಬರು ಹಾಗಲಕಾಯಿ ರಸದ ಮಹಿಮೆಯನ್ನು ಅರ್ಧ ಗಂಟೆ ಹೇಳಿದರು. ನಾನು ತಲೆಯಾಡಿಸುತ್ತ ಕೇಳಿದೆ. ಇಲ್ಲ ಎನ್ನಲು ಹೋದರೆ ಇರುವ ಕಾರಣ ಹೇಳಬೇಕಾಗುತ್ತದೆ, ಆ ಕಾರಣ ಹಾಗಲಕಾಯಿಗಿಂತ ಉದ್ದ.

ನಾನು ಸಿಹಿ ಬಿಟ್ಟಿದ್ದೇನೆ, ಅಷ್ಟೇ. ಬಿಟ್ಟದ್ದು ಹೋದ ವರ್ಷ, ಶಹಾಪುರದಲ್ಲಿ ನಾನು ಕಲಿತ ಶಾಲೆಯವರು ಕರೆದು ಶಾಲು ಹೊದಿಸಿದ ದಿನ. ಆದರೆ ಆ ಬುದ್ಧಿ ನನ್ನದಲ್ಲ. ಅದು ನನ್ನ ಆಯಿಯದು, ಅಂದರೆ ಅಪ್ಪನ ತಾಯಿಯದು. ಆಕೆಯ ಕಥೆ ಹೇಳದೆ ನನ್ನ ಹೋಳಿಗೆಯ ಕಥೆ ಹೇಳಲು ಬರುವುದಿಲ್ಲ. ದಾರಿ ಸ್ವಲ್ಪ ಸುತ್ತು, ಜೊತೆಗೆ ಬನ್ನಿ.

ನಾನು ಹುಟ್ಟಿ ಬೆಳೆದದ್ದು ನಿಜಾಮರ ಕೊನೆಯ ದಿನಗಳಲ್ಲಿ. ನಮ್ಮ ಸೀಮೆಯನ್ನು ಮೊಗಲಾಯಿ ಎನ್ನುತ್ತಿದ್ದರು, ಬ್ರಿಟಿಷರ ಕಡೆಯ ಊರುಗಳನ್ನು ಕುಂಪಣಿ ಸೀಮೆ ಎನ್ನುತ್ತಿದ್ದರು. ಶಹಾಪುರದ ಪೇಟೆಯಲ್ಲಿ ಅಪ್ಪನಿಗೊಂದು ಕಿರಾಣಿ ಅಂಗಡಿ ಇತ್ತು. ನನ್ನ ಮೊದಲ ಗ್ರಂಥಾಲಯ ಅದೇ. ಕುಂಪಣಿ ಸೀಮೆಯಿಂದ ರದ್ದಿ ಕಾಗದದ ಕಟ್ಟು ಬರುತ್ತಿತ್ತು. ಅದರಲ್ಲಿ ಒಮ್ಮೊಮ್ಮೆ ಕನ್ನಡದ ಹಳೆಯ ಪತ್ರಿಕೆಗಳೂ ಇರುತ್ತಿದ್ದವು. ಅಪ್ಪ ಅದನ್ನು ಹರಿದು ಬೆಲ್ಲ ಕಟ್ಟುವ ಮೊದಲು ನಾನು ಓದಿ ಮುಗಿಸಬೇಕು. ಗಿರಾಕಿ ಅವಸರದವನಾದರೆ ಮುಗಿಯಿತು, ಕಥೆಯ ಉಳಿದರ್ಧ ಅರ್ಧ ಸೇರು ಬೆಲ್ಲದ ಜೊತೆ ಕಕ್ಕೇರಾಕ್ಕೋ ರಾಮಸಮುದ್ರಕ್ಕೋ ಹೊರಟುಹೋಗುತ್ತಿತ್ತು. ಬಾವಿಗೆ ಬಿದ್ದ ಎಷ್ಟೋ ರಾಜಕುಮಾರಿಯರನ್ನು ನಾನು ಇಂದಿನವರೆಗೂ ಮೇಲೆತ್ತಿಲ್ಲ. ಬೆಲ್ಲ ಅಂಟಿದ ಕಾಗದ ವಾಪಸು ಸಿಕ್ಕರೆ ಮೊದಲು ನೆಕ್ಕಿ, ಆಮೇಲೆ ಓದುತ್ತಿದ್ದೆ. ಹೀಗಾಗಿ ಕಥೆ ಎಂದರೆ ಸಿಹಿ ಎಂಬುದು ನನಗೆ ಮಾತಿನ ಅಲಂಕಾರವಲ್ಲ, ಬಾಯಿಗೇ ಗೊತ್ತಿದ್ದ ಸಂಗತಿ.

ಶಾಲೆಯಲ್ಲಿಯೂ ಪುಸ್ತಕಗಳಿದ್ದವು. ಸದರ ಸಾಹೇಬರ, ಅಂದರೆ ನಮ್ಮ ಹೆಡ್ಮಾಸ್ತರರ ಕೋಣೆಯಲ್ಲಿ ಗಾಜಿನ ಬಾಗಿಲಿನ ಒಂದು ಅಲಮಾರಿ ಇತ್ತು. ಅದಕ್ಕೆ ಹಿತ್ತಾಳೆಯ ಬೀಗ, ಬೀಗದ ಕೈ ಸಾಹೇಬರ ಶೇರವಾನಿಯ ಜೇಬಿನಲ್ಲಿ. ಶಾಲೆ ನಡೆಯುತ್ತಿದ್ದುದು ಉರ್ದುವಿನಲ್ಲಿ, ಪುಸ್ತಕಗಳೂ ಉರ್ದುವಿನವೇ. ನಮಗೆ ಅವು ಬೆನ್ನಿನ ಬಣ್ಣದಿಂದ ಮಾತ್ರ ಗೊತ್ತು, ಇದು ಕೆಂಪು, ಅದು ಹಸಿರು, ಮೂಲೆಯದು ಇಲಿ ಕಚ್ಚಿದ್ದು. ಸಾಹೇಬರು ಕೆಟ್ಟವರಲ್ಲ. ಗಿಡಗಳೆಂದರೆ ಪ್ರಾಣ. ಶಾಲೆಯ ಅಂಗಳದ ಪೇರಲ ಗಿಡಕ್ಕೆ ತಾವೇ ನೀರು ಹೊತ್ತು ಹಾಕುತ್ತಿದ್ದರು. ಆದರೆ ಅಲಮಾರಿ ತೆಗೆಯಿರಿ ಎಂದರೆ ಅವರ ಮುಖ ಬಾಡುತ್ತಿತ್ತು. "ಮಕ್ಕಳ ಕೈಗೆ ಕೊಟ್ರ ಹರೀತಾವ. ತಪಾಸಣಿಗೆ ಬಂದವರಿಗೆ ನಾ ಏನು ಜವಾಬು ಕೊಡ್ಲಿ?" ಎನ್ನುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಗೂ ಹೆದರಿಕೆ.

ಶಾಲೆಗೆ ಕನ್ನಡ ಬಲ್ಲ ಮಾಸ್ತರು ಒಬ್ಬರೇ, ಗುರುಪಾದಯ್ಯನವರು. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಒಂದು ಶ್ರಾವಣದಲ್ಲಿ ಅವರು ಯಾದಗಿರಿಗೆ ಹೋಗಿ, ಕುಂಪಣಿ ಸೀಮೆಯ ಸಂಬಂಧವಿದ್ದ ದಲಾಲರೊಬ್ಬರಿಂದ ಒಂದು ತಗಡಿನ ಪೆಟ್ಟಿಗೆಯ ತುಂಬ ಕನ್ನಡದ ಕಥೆ ಪುಸ್ತಕಗಳನ್ನು ತಂದರು. ಭೀಮಾ ದಾಟಿ ಬಂಡಿಯಲ್ಲಿ ಬಂದ ಪೆಟ್ಟಿಗೆ ಅದು. ಶಾಲೆಯಲ್ಲಿಡಲು ಇಜಾಜತ್, ಅಂದರೆ ಸರಕಾರದ ಅಪ್ಪಣೆ ಬೇಕು ಎಂದರು ಸಾಹೇಬರು. ಅರ್ಜಿ ಗುಲಬರ್ಗಾದ ಕಡೆ ಹೋಯಿತು. ಹೋದದ್ದು ಹೋದಂತೆಯೇ ಇತ್ತು. ಮಾಸ್ತರರ ಕೋಣೆ ಸೋರುತ್ತಿದ್ದುದರಿಂದ ಪೆಟ್ಟಿಗೆ ನಮ್ಮ ಪಡಸಾಲೆಗೆ ಬಂತು. ಸಂಜೆ ಓಣಿಯ ಮಕ್ಕಳನ್ನು ಕೂಡಿಸಿ ಓದಿ ಹೇಳು ಎಂದು ಮಾಸ್ತರು ನನಗೆ ಹೇಳಿದರು. ಬೆಲ್ಲದ ಕಾಗದ ಓದಿ ಓದಿ ನನ್ನ ನಾಲಗೆ ತಿರುಗುತ್ತಿತ್ತು, ಅದಕ್ಕೇ ಆ ಪದವಿ.

ಇಲ್ಲಿ ಆಯಿ ಬರುತ್ತಾಳೆ. ಆಕೆಗೆ ಅಕ್ಷರ ಬಾರದು. ಆದರೆ ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ ಹಚ್ಚುತ್ತಿದ್ದರು, ಅಂದರೆ ಪೀಠದ ಮೇಲೆ ಪುರಾಣದ ಪುಸ್ತಕ ಇಟ್ಟು ದಿನಾಲೂ ಒಂದೊಂದು ಸಂಧಿ ಓದಿ, ಕೊನೆಯ ದಿನ ಮಂಗಲ ಮಾಡಿ ಮುಗಿಸುವುದು. ಒಬ್ಬರು ಓದುವವರು, ಒಬ್ಬರು ಅರ್ಥ ಹೇಳುವವರು. ಆಯಿ ಅದನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಆ ವರ್ಷ ಮಾತ್ರ ಮಂಡಿ ನೋವಿನಿಂದ ಮನೆಯಲ್ಲೇ ಕುಳಿತು ಕೊರಗುತ್ತಿದ್ದಳು. ಅಂಥ ಹೊತ್ತಿನಲ್ಲಿ ತನ್ನ ಪಡಸಾಲೆಯಲ್ಲೇ, ಮಣೆಯ ಮೇಲೆ ಕನ್ನಡದ ದಪ್ಪ ಪುಸ್ತಕ ಇಟ್ಟು, ಎದುರಿಗೆ ಮಂದಿ ಕೂಡಿಸಿ ಮೊಮ್ಮಗಳು ಓದುತ್ತಾಳೆ. ಆಯಿಗೆ ಇನ್ನೇನು ಬೇಕು? ಮಠಕ್ಕೆ ತಾನು ಹೋಗಲಾಗದ್ದಕ್ಕೆ ಪುರಾಣವೇ ತನ್ನ ಮನೆಗೆ ಬಂತು ಎಂದುಕೊಂಡಳು. ಎದ್ದು ಬಂದು ಪೆಟ್ಟಿಗೆಗೆ ವಿಭೂತಿ ಹಚ್ಚಿದಳು, ದೀಪ ಇಟ್ಟಳು, ಪುಸ್ತಕಕ್ಕೆ ಹೂ ಏರಿಸಿ ಕೈ ಮುಗಿದು ಕುಳಿತಳು.

ನಾನು ಓದುತ್ತಿದ್ದುದು ಒಂದು ಎಮ್ಮೆಯ ಕಥೆ. ಹೆಸರಿನ ಪುಟವೇ ಹರಿದುಹೋಗಿದ್ದ ದೊಡ್ಡ ಪುಸ್ತಕ. ಒಬ್ಬನ ಎಮ್ಮೆ ಕಳೆದುಹೋಗುತ್ತದೆ, ಅವನು ಅದನ್ನು ಹುಡುಕುತ್ತ ಊರೂರು ಅಲೆಯುತ್ತಾನೆ, ಪ್ರತಿ ಊರಿನಲ್ಲೂ ಹೊಸ ಪಜೀತಿ. ಆಯಿ ಇದನ್ನು ಕಣ್ಣು ಮುಚ್ಚಿ, ಮಠದಲ್ಲಿ ಕೇಳುವಷ್ಟೇ ಭಕ್ತಿಯಿಂದ ಕೇಳಿದಳು. ಎಮ್ಮೆ ಹೊಳೆಗೆ ಬಿದ್ದ ಭಾಗ ಬಂದಾಗ "ಶಿವಶಿವಾ" ಎಂದಳು. ನಮ್ಮ ಜೊತೆ ಕೂಡುತ್ತಿದ್ದ ಮೌನವ್ವ ಕೃಷ್ಣೆಯ ದಂಡೆಯ ತಿಂಥಣಿಯವಳು, ಸೋದರತ್ತೆಯ ಮನೆಯಲ್ಲಿರಲು ಬಂದವಳು. ಆಕೆ, "ಎಮ್ಮಿ ಎಂದಾದ್ರೂ ಮುಳುಗತಾವೇನ? ಅದು ಸುಖವಾಗಿ ಕುಂತಿರ್ತದ" ಎಂದು ಆಯಿಗೇ ಧೈರ್ಯ ಹೇಳಿ, "ನೀ ಓದು" ಎಂದು ನನ್ನತ್ತ ತಿರುಗಿದಳು. ಪುರಾಣದಲ್ಲಿ ಮಹಾತ್ಮರು ಹುಟ್ಟುವ ಸಂಧಿ ಬಂದಾಗ ಮಠದಲ್ಲಿ ತೊಟ್ಟಿಲು ಕಟ್ಟಿ ತೂಗುವ ಪದ್ಧತಿ. ಕಥೆಯ ಎಮ್ಮೆ ಯಾವುದೋ ಊರಲ್ಲಿ ಈಯಿತು ಎಂದು ನಾನು ಓದಿದ ಮರುದಿನ, ಆಯಿ ಗೌಳಿಗರ ಮನೆಯಿಂದ ಗಿಣ್ಣದ ಹಾಲು ತರಿಸಿ, ಕಾಯಿಸಿ, ಎಲ್ಲ ಮಕ್ಕಳಿಗೂ ಹಂಚಿದಳು. ಹಾಗಾಗಿ ಮೂರನೆಯ ದಿನ ಪಡಸಾಲೆಯಲ್ಲಿ ಕೂಡಲು ಜಾಗವಿಲ್ಲದಷ್ಟು ಮಕ್ಕಳು. ನನ್ನ ಓದಿನ ಕೀರ್ತಿ ಎಂದು ನಾನು ಬೀಗಿದೆ. ಅದು ಗಿಣ್ಣದ ಕೀರ್ತಿ ಎಂದು ಗೊತ್ತಾಗಲು ನನಗೆ ಒಂದಷ್ಟು ವರ್ಷ ಹಿಡಿಯಿತು.

ನಾಲ್ಕು ಮಂದಿ ಕೂಡಿ ಓದಬೇಕೆಂದರೂ ಕಚೇರಿಯ ಅಪ್ಪಣೆ ಕೇಳುವ ಕಾಲ ಅದು. ಅಷ್ಟು ಮಕ್ಕಳು ದಿನಾಲೂ ಒಂದೇ ಮನೆಗೆ ನುಗ್ಗುವುದು ಯಾರ ಕಣ್ಣಿಗೋ ಬಿತ್ತು. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಸದರ ಸಾಹೇಬರೇ ನಮ್ಮ ಬಾಗಿಲಿಗೆ ಬಂದು ನಿಂತರು, ಹಿಂದೆ ಕಚೇರಿಯ ಒಬ್ಬ ಜವಾನ. ಮಕ್ಕಳೆಲ್ಲ ಗೋಡೆಗೆ ಅಂಟಿದರು.

"ಅಮ್ಮಾ, ಕಚೇರಿಯಿಂದ ಚೀಟಿ ಬಂದದ. ಇಲ್ಲಿ ಮಂದಿ ಕೂಡಿ ಕಿತಾಬು ಓದ್ತಾರ, ಇಜಾಜತ್ ಇಲ್ಲ ಅಂತ. ಪೆಟ್ಟಿಗಿ ಒಯ್ಯಬೇಕಾಗ್ಯದ," ಎಂದರು ಸಾಹೇಬರು. ದನಿಯಲ್ಲಿ ಜೋರಿರಲಿಲ್ಲ, ಮುಜುಗರವಿತ್ತು.

ಆಯಿ ಕೂತಲ್ಲಿಂದ ಏಳಲಿಲ್ಲ. "ಕಾಲಾಗಿಂದು ಹೊರಗ ಬಿಟ್ಟು ಬರ್ರಿ ಸಾಹೇಬ್ರ. ಪುರಾಣ ನಡದದ," ಎಂದಳು.

ಸಾಹೇಬರು ತಾವೇ ತಪ್ಪು ಮಾಡಿದವರಂತೆ ಹಿಂದೆ ಸರಿದು ಜೋಡು ಬಿಟ್ಟು ಬಂದರು. ಜವಾನನ ಕಾಲಿಗೆ ಮೊಣಕಾಲಿನವರೆಗೂ ಪಟ್ಟಿ ಸುತ್ತಿತ್ತು. ಅದನ್ನೆಲ್ಲ ಬಿಚ್ಚುವುದು ಯಾರ ಕೈಲಾದೀತು ಎಂದು ಅವನು ಹೊರಗೆ ಕಟ್ಟೆಯ ಮೇಲೇ ಕುಳಿತ.

"ಪುರಾಣ?" ಎಂದು ಸಾಹೇಬರು ಹಿಂದಿನ ಕೋಣೆಯಿಂದ ಬಂದು ನಿಂತಿದ್ದ ಗುರುಪಾದಯ್ಯ ಮಾಸ್ತರರ ಮುಖ ನೋಡಿದರು. ಮಾಸ್ತರು ಗೋಡೆ ನೋಡಿದರು.

"ಶ್ರಾವಣದಾಗ ಹಚ್ಚೇವ್ರಿ. ಹಚ್ಚಿದ ಪುರಾಣ ಮಂಗಲ ಆಗೋತನಕ ಎತ್ತಬಾರದು. ಎತ್ತಿದ್ರ ಮನಿಗೂ ಚಲೋ ಅಲ್ಲ, ಎತ್ತಿದವರಿಗೂ ಚಲೋ ಅಲ್ಲ. ನಿಮ್ಮ ಕಡಿ ಹೆಂಗ ಅದನೋ ನನಗ ಗೊತ್ತಿಲ್ಲ."

ಸಾಹೇಬರು ದೀಪ ನೋಡಿದರು, ಹೂ ನೋಡಿದರು, ವಿಭೂತಿ ಬಳಿದ ತಗಡಿನ ಪೆಟ್ಟಿಗೆ ನೋಡಿದರು. "ನಮ್ಮ ಕಡಿನೂ ಹಂಗೇ ಅಮ್ಮಾ. ಓದಾಕ ಶುರು ಮಾಡಿದ್ದು ಅರ್ಧಕ್ಕ ಬಿಡಂಗಿಲ್ಲ," ಎಂದರು. ಆಮೇಲೆ ಕೇಳಿದರು, "ಮಂಗಲ ಯಾವಾಗ?"

"ಪೆಟ್ಟಿಗಿ ಮುಗಿದ ಮ್ಯಾಲ."

ಆಯಿ ಆಟ ಹೂಡಿದ್ದಲ್ಲ. ಪೆಟ್ಟಿಗೆಯ ತುಂಬ ಇದ್ದುದೆಲ್ಲ ಒಂದೇ ಪುರಾಣ, ಪುಸ್ತಕಕ್ಕೊಂದು ಸಂಧಿ ಎಂದು ಆಕೆ ನಿಜವಾಗಿಯೂ ನಂಬಿದ್ದಳು. ಸಾಹೇಬರು ಚಾಪೆಯ ಮೇಲೆ ಕುಳಿತು, "ಓದು ಬೇಟಿ" ಎಂದರು. ನಾನು ಎಮ್ಮೆಯ ಒಡೆಯ ಯಾರದೋ ಕೊಟ್ಟಿಗೆಗೆ ನುಗ್ಗಿ ಏಟು ತಿಂದ ಭಾಗ ಓದಿದೆ. ಪುರಾಣದಲ್ಲಿ ಇಂಥದ್ದು ಇರುವುದಿಲ್ಲ ಎಂದು ತಿಳಿಯದಷ್ಟು ದಡ್ಡರಲ್ಲ ಸಾಹೇಬರು. ಮೀಸೆಯ ಅಡಿಯಲ್ಲಿ ನಗು ಬಂದದ್ದನ್ನು ನಾನು ನೋಡಿದೆ. ಹೊರಗೆ ಹೋಗಿ ಜವಾನನಿಗೆ ಉರ್ದುವಿನಲ್ಲಿ ಹೇಳಿದರು, ಇದು ಧರ್ಮದ ಮಾಮಲಾ, ಮುಗಿಯುವತನಕ ಕೈ ಹಾಕುವಂತಿಲ್ಲ, ನಾನೇ ಜವಾಬು ಬರೆಯುತ್ತೇನೆ ಎಂದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಮರುದಿನ ಶಾಲೆಯಲ್ಲಿ ಸಾಹೇಬರು ನನ್ನನ್ನು ಮೇಜಿನ ಹತ್ತಿರ ಕರೆದರು. ಅವರು ಅತ್ತ ಇತ್ತ ನೋಡಿ, ದನಿ ತಗ್ಗಿಸಿ ಕೇಳಿದರು, "ಎಮ್ಮಿ ಸಿಕ್ತಾ?"

ಅಲ್ಲಿಂದ ಮುಂದೆ ನಮ್ಮ ಕೆಲಸ ವಿಚಿತ್ರವಾಯಿತು. ಪೆಟ್ಟಿಗೆ ಮುಗಿದರೆ ಕಚೇರಿಗೆ ಹೋಗುತ್ತದೆ. ಅಂದರೆ ಅದು ಮುಗಿಯಬಾರದು. ತಳ ಕಾಣುವ ಹೊತ್ತಿಗೆ ಗುರುಪಾದಯ್ಯ ಮಾಸ್ತರು ಯಾದಗಿರಿಗೆ ಹೋಗಿ ಬರುತ್ತಿದ್ದರು, ಧೋತರದ ಗಂಟಿನಲ್ಲಿ ಒಂದಿಷ್ಟು ಪುಸ್ತಕ ಬಂದು ಮತ್ತೆ ಪೆಟ್ಟಿಗೆ ಸೇರುತ್ತಿದ್ದವು. ಕಳ್ಳರ ಕಥೆ, ಮೊಲದ ಕಥೆ, ಹಡಗು ಒಡೆದವರ ಕಥೆ. ಎಲ್ಲಕ್ಕೂ ಆಯಿಯ ದೀಪ, ಆಯಿಯ ಹೂ. ಮೌನವ್ವ ನನ್ನ ಪಕ್ಕ ಕೂತು ಪುಟ ನೋಡುತ್ತ ಕೇಳುತ್ತ ಅಕ್ಷರ ಕಲಿತು, ನನ್ನ ಗಂಟಲು ಕಟ್ಟಿದ ದಿನ ತಾನೇ ಓದತೊಡಗಿದಳು. ಆಕೆಯ ಓದು ನನ್ನದಕ್ಕಿಂತ ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು. ಆ ವಾರವೆಲ್ಲ ನಾನು ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಿದಷ್ಟು ಇನ್ನೆಂದೂ ಮುಕ್ಕಳಿಸಿಲ್ಲ.

ಮರುವರ್ಷದ ನಾಗರ ಪಂಚಮಿಯಲ್ಲಿ ಒಂದು ಸಂಗತಿ ಹೊರಬಿತ್ತು. ಉಂಡಿ ಕಟ್ಟಿ ಮುಗಿದಿತ್ತು. ಆಯಿ ತನ್ನ ಪಾಲಿನ ಉಂಡಿಗಳನ್ನೆಲ್ಲ ಸೆರಗಿನಲ್ಲಿ ಹಾಕಿಕೊಂಡು ಬಂದು ನಮಗೆ ಹಂಚಿದಳು. ಸಿಹಿ ಎಂದರೆ ಆಯಿಗೆ ಎಷ್ಟು ಆಸೆ ಎಂದರೆ, ಅಪ್ಪನ ಅಂಗಡಿಯಲ್ಲಿ ಬೆಲ್ಲ ಕಡಿಮೆ ಬಿದ್ದರೆ ಮೊದಲ ಅನುಮಾನ ಆಕೆಯ ಮೇಲೆ. ಅಂಥವಳು ಬೆರಳಿಗೆ ಅಂಟಿದ್ದನ್ನೂ ನೆಕ್ಕದೆ ಸೆರಗಿಗೆ ಒರೆಸಿಕೊಂಡಳು. ನಾನು ಬೆನ್ನು ಹತ್ತಿ ಕೇಳಿದ ಮೇಲೆ ಬಾಯಿ ಬಿಟ್ಟಳು.

"ಪುರಾಣ ಹಚ್ಚಿದ ದಿನಾನೇ ಬೇಡಿಕೊಂಡೇನವ್ವ. ಮಂಗಲ ಆಗೋತನಕ ಸಿಹಿ ಮುಟ್ಟಂಗಿಲ್ಲ ಅಂತ."

ನನಗೆ ಅಳು ಬಂತು. ನಾವು ಪೆಟ್ಟಿಗೆ ತುಂಬುತ್ತ ಹೋದಷ್ಟೂ ಆಯಿಯ ಉಂಡಿ ದೂರ ಹೋಗುತ್ತಿತ್ತು. ಅದು ಪುರಾಣವೇ ಅಲ್ಲ, ಎಮ್ಮೆಯ ಕಥೆ, ಕಳ್ಳರ ಕಥೆ ಎಂದು ಹೇಳಿಬಿಡಲು ಬಾಯಿ ತೆರೆದೆ. ಹೇಳಲು ಧೈರ್ಯ ಸಾಲದೆ, "ಹಂಗಾದ್ರ ದೌಡ ಓದಿ ಮುಗಿಸ್ತೀನಿ ಆಯಿ, ಹೊಸಾವು ತರಬ್ಯಾಡ್ರಿ ಅಂತ ಮಾಸ್ತರಿಗೆ ಹೇಳ್ತೀನಿ" ಎಂದೆ.

"ಮುಗಿಸಿದ್ರ ಅವರು ಒಯ್ತಾರಲ್ಲ?"

"ಹೂಂ."

"ಮತ್ತ? ಅವಸರ ಮಾಡಬ್ಯಾಡ, ಸಾವಕಾಶ ಓದು. ಉಂಡಿ ಎಲ್ಲಿ ಹೋಗ್ತದ?"

ಆಕೆಗೆ ಎಷ್ಟು ತಿಳಿದಿತ್ತು, ಎಷ್ಟು ತಿಳಿದಿರಲಿಲ್ಲ, ನಾನು ಕೇಳಲಿಲ್ಲ. ಈಗ ಆಕೆಯ ವಯಸ್ಸು ದಾಟಿದ ಮೇಲೂ ನನಗೆ ಅದು ಬಗೆಹರಿದಿಲ್ಲ. ಪುರಾಣ ಎಂದರೆ ಆಕೆಗೆ ಪುಸ್ತಕದ ಒಳಗಿದ್ದುದಕ್ಕಿಂತ ಅದರ ಎದುರು ಮಂದಿ ಕೂಡುವುದೇ ಆಗಿತ್ತೇನೋ.

ಹೀಗೆ ಇನ್ನೊಂದು ವರ್ಷ ಕಳೆದಿರಬೇಕು. ಒಂದು ದಿನ ಸದರ ಸಾಹೇಬರು ಹಿಗ್ಗಿನಿಂದ ನಮ್ಮ ಮನೆಗೆ ಬಂದರು. ಕೈಯಲ್ಲಿ ಬತ್ತಾಸಿನ ಪೊಟ್ಟಣ. ಮರೆತೇಹೋಗಿದ್ದ ಅರ್ಜಿಗೆ ಇಜಾಜತ್ ಬಂದಿತ್ತು. ಕನ್ನಡ ಪುಸ್ತಕಗಳನ್ನು ಶಾಲೆಯಲ್ಲಿಡಬಹುದು.

"ಅಮ್ಮಾ, ಇನ್ನ ಯಾರೂ ಒಯ್ಯಂಗಿಲ್ಲ. ಮಂಗಲ ಮಾಡ್ರಿ, ಬಾಯಿ ಸಿಹಿ ಮಾಡ್ಕೋರಿ," ಎಂದು ಪೊಟ್ಟಣ ಚಾಚಿದರು.

ಆಯಿ ಒಂದು ಬತ್ತಾಸು ಕೈಯಲ್ಲಿ ಹಿಡಿದಳು. ಅಷ್ಟು ದಿನದ ಮೇಲೆ. ಬಾಯಿಯ ಹತ್ತಿರ ಒಯ್ದವಳು ನಿಲ್ಲಿಸಿ ಕೇಳಿದಳು, "ಎಲ್ಲಿ ಇಡ್ತೀರಿ ಸಾಹೇಬ್ರ?"

"ಅಲಮಾರಿಯಾಗ. ಕೀಲಿ ಹಾಕಿ ಭದ್ರ ಇಡ್ತೀನಿ."

ಮಕ್ಕಳ ಕಡೆ ನೋಡಿದಳು. ನಮ್ಮ ಮುಖಗಳು ಹೇಗಿದ್ದವೋ. ಬತ್ತಾಸನ್ನು ಪೊಟ್ಟಣಕ್ಕೆ ವಾಪಸು ಹಾಕಿದಳು.

"ಆ ಅಲಮಾರಿಯಾಗ ಮೊದಲಿಂದೂ ಪುಸ್ತಕ ಅವ ಅಂತೀರಿ. ಅವುಗಳೊಳಗ ಇವು ಕೂಡಿದ್ವು ಅಂದ್ರ ಎಲ್ಲಾ ಒಂದೇ ಪುರಾಣ ಆತು. ಅವನ್ನೂ ಓದಿ ಮುಗಿಸಬೇಕು. ಮಂಗಲ ಇನ್ನೂ ಆಗಿಲ್ರಿ."

ಅಪ್ಪ ಬಾಗಿಲಲ್ಲಿ ನಿಂತಿದ್ದ. "ಪುರಾಣ ಹಚ್ಚಿದಾಗಿಂದ ನಮ್ಮವ್ವ ಸಿಹಿ ಮುಟ್ಟಿಲ್ರಿ ಸಾಹೇಬ್ರ," ಎಂದ, ಮೆಲ್ಲಗೆ.

ಸಾಹೇಬರು ಪೊಟ್ಟಣ ಮಡಚಿ ಜೇಬಿಗೆ ಹಾಕಿಕೊಂಡರು. ಅದೇ ಜೇಬಿನಲ್ಲಿ ಬೀಗದ ಕೈ ಇತ್ತು, ಎರಡೂ ಒಂದಕ್ಕೊಂದು ತಾಗಿ ಸದ್ದಾಯಿತು. ಅವರು ಹೊರಟುಹೋದರು. ಪೆಟ್ಟಿಗೆ ಶಾಲೆಗೆ ಹೋಯಿತು. ಪಡಸಾಲೆ ಬಣಗುಟ್ಟಿತು. ಆಯಿ ಆ ಖಾಲಿ ಜಾಗದಲ್ಲೇ ದೀಪ ಹಚ್ಚಿಡುತ್ತಿದ್ದಳು, ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಶುಕ್ರವಾರ ಶಾಲೆಗೆ ರಜೆ. ಆ ಗುರುವಾರ, ಸಾಹೇಬರ ಮಾತಿನಲ್ಲಿ ಜುಮೇರಾತ್, ಗಂಟೆಯಾಗಿ ನಾವು ಓಡುವಷ್ಟರಲ್ಲಿ ಸಾಹೇಬರು ತಡೆದರು. ಅಲಮಾರಿಯ ಎರಡೂ ಬಾಗಿಲು ತೆರೆದಿದ್ದವು. "ಒಬ್ಬೊಬ್ಬರು ಒಂದೊಂದು ಒಯ್ರಿ. ಮುಂದಿನ ಜುಮೇರಾತಿಗೆ ತರ್ರಿ. ಹರೀಬ್ಯಾಡ್ರಿ," ಎಂದರು. ಹರಿದೆವು. ಒಂದು ಪುಸ್ತಕ ಮಳೆಯಲ್ಲಿ ನೆನೆದು ಹೋಳಿಗೆಯಂತೆ ಉಬ್ಬಿತು, ಇನ್ನೊಂದನ್ನು ಯಾರದೋ ಮನೆಯ ಆಡು ಮೇಯ್ದಿತು. ಆಡು ಬಿಟ್ಟ ರಟ್ಟನ್ನು ಸಾಹೇಬರು ತಪಾಸಣೆಯವರಿಗೆ ಸಾಕ್ಷಿಗೆಂದು ಎತ್ತಿಟ್ಟರು. ಆದರೆ ಬೀಗ ಮತ್ತೆ ಹಾಕಲಿಲ್ಲ. ಒಬ್ಬ ಮುದುಕಿ ತಮ್ಮ ಅಲಮಾರಿಯ ಕಾರಣಕ್ಕೆ ಸಿಹಿ ಬಿಟ್ಟು ಕುಳಿತಿದ್ದಾಳೆ ಎಂಬುದು ಅವರಿಗೆ ತಪಾಸಣೆಗಿಂತ ದೊಡ್ಡ ಹೆದರಿಕೆಯಾಗಿತ್ತು. ಪ್ರತಿ ಗುರುವಾರ ಸಂಜೆ, ಯಾವುದು ಮುಗಿಯಿತು, ಯಾವುದು ಉಳಿಯಿತು ಎಂದು ಆಯಿಗೆ ವರದಿ ಒಪ್ಪಿಸುವುದು ನನ್ನ ಕೆಲಸ.

ಉರ್ದು ಪುಸ್ತಕಗಳನ್ನೂ ಪಡಸಾಲೆಗೆ ತಂದು ಓದಿದೆವು. ಒಬ್ಬರು ಓದುವುದು, ಒಬ್ಬರು ಕನ್ನಡದಲ್ಲಿ ಅರ್ಥ ಹೇಳುವುದು, ಥೇಟು ಮಠದ ಪದ್ಧತಿ. ಕೊನೆಗೆ ಯಾರೂ ಮುಟ್ಟದ ಒಂದು ಪುಸ್ತಕ ಉಳಿಯಿತು. ತೋಟಗಾರಿಕೆಯದು, ಕಸಿ ಕಟ್ಟುವುದು, ಗೊಬ್ಬರ ಹಾಕುವುದು. ಅದನ್ನು ಓದಲು ಸಾಹೇಬರೇ ಬಂದರು, ಜೋಡು ಹೊರಗೆ ಬಿಟ್ಟು. ಅವರು ಓದಿದರು, ನಾನು ಅರ್ಥ ಹೇಳಿದೆ. ಪೇರಲಕ್ಕೆ ಯಾವ ತಿಂಗಳಲ್ಲಿ ಎಷ್ಟು ಗೊಬ್ಬರ ಎಂಬ ಸಂಧಿಯನ್ನು ಆಯಿ ಕೈ ಮುಗಿದುಕೊಂಡೇ ಕೇಳಿದಳು.

ಪುಸ್ತಕ ಮುಚ್ಚಿದ ಮೇಲೆ ಸಾಹೇಬರು ಜೇಬಿನಿಂದ ಬತ್ತಾಸು ತೆಗೆದರು. "ಅಮ್ಮಾ, ಇನ್ನೂ ಏನರ ಉಳಿದದೇನ?"

"ಇಲ್ರಿ. ಮಂಗಲ ಆತು," ಎಂದು ಆಯಿ ಬತ್ತಾಸು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿದಳು. ಅದು ಪೂರ್ತಿ ಕರಗುವತನಕ ತೆರೆಯಲಿಲ್ಲ. ನನಗೆ ಆಗ ಆದಷ್ಟು ಸಂತೋಷ ನನ್ನ ಮದುವೆಯಲ್ಲೂ ಆಗಲಿಲ್ಲ, ಮನೆಯವರು ಇದನ್ನು ಓದಲಿಕ್ಕಿಲ್ಲ ಎಂಬ ಧೈರ್ಯದಿಂದ ಹೇಳುತ್ತಿದ್ದೇನೆ. ಆಯಿ ಕಣ್ಣು ತೆರೆದು, ತುಟಿ ಒರೆಸಿಕೊಂಡು ಕೇಳಿದಳು, "ಅಲಮಾರಿ ಮುಗೀತಲ್ಲ ಸಾಹೇಬ್ರ. ಮತ್ತ ಯಾವಾಗ ತುಂಬತೀರಿ?"

ಈಗ ನನ್ನ ಹೋಳಿಗೆಗೆ ಬರೋಣ. ಹೋದ ವರ್ಷ ಶಾಲು ಹೊದಿಸಿದ ಮೇಲೆ ಹೆಡ್ ಟೀಚರಮ್ಮ ನನ್ನನ್ನು ತಮ್ಮ ಕೋಣೆಗೆ ಕರೆದೊಯ್ದು ಹೋಳಿಗೆಯ ತಟ್ಟೆ ಇಟ್ಟರು. ಒಳ್ಳೆಯ ಹೆಣ್ಣುಮಗಳು. ಅವರ ಹಿಂದೆ ಒಂದು ಕಬ್ಬಿಣದ ಕಪಾಟು, ತುಂಬ ಹೊಸ ಪುಸ್ತಕ, ಕೆಲವಕ್ಕೆ ಪ್ಲಾಸ್ಟಿಕ್ ಹೊದಿಕೆಯೂ ಬಿಚ್ಚಿಲ್ಲ. ಬೀಗ ಹಾಕಿತ್ತು. ಮಕ್ಕಳಿಗೆ ಕೊಡುವುದಿಲ್ಲವೇ ಎಂದೆ. "ಕೊಟ್ರ ಹರೀತಾವ್ರಿ ಆಯಿ. ಆಡಿಟ್‌ನವರಿಗೆ ನಾ ಏನ್ ಹೇಳ್ಲಿ?" ಎಂದರು. ಆ ಮಾತು ಅಷ್ಟು ವರ್ಷ ನನ್ನ ದಾರಿಯನ್ನೇ ಕಾಯುತ್ತ ಅಲ್ಲಿ ಕುಳಿತಿದ್ದಂತೆ ಇತ್ತು. ನಾನು ತಟ್ಟೆ ಸರಿಸಿ ಹೇಳಿದೆ, "ಈ ಕಪಾಟು ಮಕ್ಕಳು ಓದಿ ಮುಗಿಸೋತನಕ ನಾ ಸಿಹಿ ಮುಟ್ಟಂಗಿಲ್ಲವ್ವ." ಅವರು ನಕ್ಕರು. ಶುಗರ್ ಇದ್ದವರು ಹೀಗೆ ನೆಪ ಹೇಳುತ್ತಾರೆ ಎಂದುಕೊಂಡಿರಬೇಕು. ಊರಲ್ಲಿ ಸುದ್ದಿ ಹಬ್ಬಿದ್ದೂ ಅಲ್ಲಿಂದಲೇ.

ನಾನು ಆಯಿಯಷ್ಟು ಗಟ್ಟಿಯವಳಲ್ಲ. ಸುರಪುರದ ಒಂದು ಮದುವೆಯಲ್ಲಿ ಬಿಸಿ ಹೋಳಿಗೆಯ ಮೇಲೆ ತುಪ್ಪ ಸುರಿಯುವುದನ್ನು ನೋಡಿ, ಈ ಕಪಾಟು, ಆ ಮಕ್ಕಳು, ಯಾರ ಮನೆಯ ಉಸಾಬರಿ ಎಂದು ಕೈ ಚಾಚಿಯೂ ಚಾಚಿದ್ದೆ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಶುಗರ್ ಅದ ಎಂದು ಎತ್ತಿಕೊಂಡು ಹೋಗಿ ನನ್ನ ಮಾನ ಉಳಿಸಿದರು.

ಮೊನ್ನೆ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಶಾಲೆಯ ಬಟ್ಟೆಯಲ್ಲಿ ಒಬ್ಬ ಹುಡುಗಿ, ಎದೆಗೆ ಒಂದು ಪುಸ್ತಕ ಅವಚಿಕೊಂಡು ನಿಂತಿದ್ದಳು. ಅದರ ಮೂಲೆ ಹರಿದಿತ್ತು.

"ಆಯಿ, ಇದು ಮುಗೀತ್ರಿ. ಮುಗಿಸಿದವರು ನಿಮಗ ಹೇಳಿ ಬರ್ರಿ ಅಂತ ದೊಡ್ಡ ಟೀಚರ್ ಕಪಾಟಿನ ಕೀಲಿ ತಗದ ದಿನಾನೇ ಹೇಳ್ಯಾರ. ಮೂಲಿ ನಾ ಹರಿದಿಲ್ಲ, ಮೊದಲೇ ಹರಿದಿತ್ತು." ಉಸಿರು ತೆಗೆದುಕೊಂಡು ಮುಂದುವರಿಸಿದಳು, "ಕಪಾಟಿನ್ಯಾಗ ಇನ್ನೂ ಭಾಳ ಅವರಿ. ನೀವು ಹೋಳಿಗಿ ತಿನ್ಬೇಕಲ್ಲ, ಅದಕ್ಕ ನಾವೆಲ್ಲ ದೌಡ ದೌಡ ಓದಾಕತ್ತೇವಿ."

"ದೌಡ ಬ್ಯಾಡವ್ವ. ಸಾವಕಾಶ ಓದ್ರಿ. ಹೋಳಿಗಿ ಎಲ್ಲಿ ಹೋಗ್ತದ?" ಎಂದೆ.

ಆಕೆಯನ್ನು ಒಳಗೆ ಕರೆದು, ಡಬ್ಬಿ ತೆರೆದು, ಅಂಗೈಗೆ ಒಂದು ಹಿಡಿ ಸಕ್ಕರೆ ಹಾಕಿದೆ. ನನ್ನ ಬೆರಳಿಗೆ ಅಂಟಿದ್ದನ್ನು ಸೆರಗಿಗೆ ಒರೆಸಿಕೊಂಡೆ.